ವೈಪರ್‌ಗೆ ತಿರುಗಿಸುವ ರಿಂಗ್ ಹಾಕಿಕೊಳ್ಳಿ

ಬೇಸ್ ಮಾಡೆಲ್ ಕಾರಿನಲ್ಲಿ ವೈಪರ್ ಗ್ಯಾಪ್ (ಬಿಟ್ಟು ಬಿಟ್ಟು ಒರೆಸುವಾಗ ನಡುವೆ ನಿಲ್ಲುವ ಸಮಯ) ಒಂದೇ ಥರ ಇದ್ದರೆ, ಅದೇ ಮಾಡೆಲ್‌ನ ಟಾಪ್ ವೇರಿಯಂಟ್‌ಗೆ ಬರುವ ರಿಂಗ್ ಇರುವ ವೈಪರ್ ಸ್ವಿಚ್ ತಂದು ಹಾಕಿ. ಎಷ್ಟೋ ಕಾರುಗಳಲ್ಲಿ ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿದರೆ ಸಾಕು, ಸ್ವಿಚ್ ಪಕ್ಕಕ್ಕೆ ಜಾರಿ ಬರುತ್ತದೆ. ರಿಂಗ್ ತಿರುಗಿಸಿದಾಗ ಒಳಗಿನ ರೆಸಿಸ್ಟೆನ್ಸ್ ಬದಲಾಗುತ್ತದೆ, ಅದರ ಮೇಲೆ ಗ್ಯಾಪ್ ಹೆಚ್ಚು ಕಡಿಮೆ ಆಗುತ್ತದೆ. ಸೋನೆ ಮಳೆಯಲ್ಲಿ ಒಣ ಗಾಜಿನ ಮೇಲೆ ಬ್ಲೇಡ್ ಸುಮ್ನೆ ಕಿರ್ ಅನ್ನೋದು ತಪ್ಪುತ್ತೆ! ಕೊಳ್ಳುವ ಮೊದಲು ಹಳೆ ಸ್ವಿಚ್ ಜೊತೆ ಕಪ್ಲರ್ (ವೈರ್‌ಗಳು ಸೇರುವ ಪ್ಲಗ್) ಪಿನ್‌ಗಳನ್ನು ಹೋಲಿಸಿ ನೋಡಿ. ನಿಮ್ಮ ಕಾರಿನಲ್ಲಿ ರಿಂಗ್‌ನ ವೈರ್ ಇಲ್ಲದಿದ್ದರೆ, ಅಥವಾ ಗ್ಯಾಪ್ ಫಿಕ್ಸ್ ಇರುವ ರಿಲೇ (ವೈಪರ್ ಅನ್ನು ಆನ್ ಆಫ್ ಮಾಡುವ ಭಾಗ) ಇದ್ದರೆ ಇದು ಕೆಲಸ ಮಾಡಲ್ಲ. ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ಏರ್‌ಬ್ಯಾಗ್ ಬಿಚ್ಚಬೇಕಾಗಿ ಬಂದರೆ ದಯವಿಟ್ಟು ಮನೆಯಲ್ಲಿ ಮಾಡಬೇಡಿ, ಮೆಕ್ಯಾನಿಕ್‌ಗೇ ಕೊಡಿ.