ಮಹಿಳಾ ಸಂಘಗಳ ಜೊತೆ ಮಾನಸಿಕ ಆರೋಗ್ಯದ ಕೆಲಸ ಶುರು ಮಾಡುವವರಿಗೆ

ನಾನು ಜಿಲ್ಲಾ ಮಾನಸಿಕ ಆರೋಗ್ಯ ತಂಡವೊಂದರಲ್ಲಿ ಸೋಶಿಯಲ್ ವರ್ಕರ್. ಹೊಸದಾಗಿ ಸೇರಿದವರು ಸ್ತ್ರೀಶಕ್ತಿ, ಸಂಜೀವಿನಿ ಸಂಘಗಳಿಗೆ ಹೋಗುವಾಗ ಒಂದೇ ಲೆಕ್ಕ ಇಟ್ಟುಕೊಂಡಿರುತ್ತಾರೆ: ಸಂಘದವರು ರೋಗಿಗಳನ್ನು ಹುಡುಕಿಕೊಡಲಿ. ಹುಡುಕುವುದು ಕಷ್ಟವಲ್ಲ. ಯಾರ ಮನೆಯಲ್ಲಿ ಯಾರು ಹೊರಗೆ ಬಾರದೆ ಕೂತಿದ್ದಾರೆ ಅಂತ ಊರಿಗೆಲ್ಲ ಗೊತ್ತೇ ಇರುತ್ತದೆ, ಆಶಾ ಅಕ್ಕನಿಗಂತೂ ಚೆನ್ನಾಗಿ ಗೊತ್ತು. ಮೊದಲ ಸಲ ಮನೆಮಂದಿಯೆಲ್ಲ ಆಸ್ಪತ್ರೆಗೆ ಬರುತ್ತಾರೆ. ಮಾತ್ರೆಯಿಂದ ಸ್ವಲ್ಪ ಸುಧಾರಿಸುತ್ತದೆ, ಅಷ್ಟರಲ್ಲಿ ಕೊಯ್ಲೋ ಮದುವೆಯೋ ಬರುತ್ತದೆ, ಬರುವುದು ನಿಂತುಹೋಗುತ್ತದೆ. ಸಂಘದ ಸಹಾಯ ಕೇಳಬೇಕಾದ್ದು ಇಲ್ಲಿಗೆ.

ಅದಕ್ಕೂ ಮುಂಚೆ ನಿಮ್ಮ ಮನೆ ಸರಿ ಇದೆಯಾ ನೋಡಿ. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ, ಎಷ್ಟು ಹೊತ್ತಿಗೆ ಅಂತ ಖಚಿತ ಮಾಡಿಕೊಳ್ಳಿ. ಫಾರ್ಮಸಿಗೆ ಹೋಗಿ ರಿಸ್ಪೆರಿಡೋನ್, ಓಲಾಂಜಪಿನ್‌ನಂಥ ಮಾನಸಿಕ ಕಾಯಿಲೆಯ ಮಾತ್ರೆಗಳ ಸ್ಟಾಕ್ ನೋಡಿ. ನಲವತ್ತು ಕಿಲೋಮೀಟರ್ ಬಸ್ಸಲ್ಲಿ ಬಂದವರಿಗೆ 'ಹೊರಗೆ ತಗೊಳ್ಳಿ' ಅಂತ ಚೀಟಿ ಕೊಟ್ಟರೆ ಆ ಊರಿನಲ್ಲಿ ನಿಮ್ಮ ಮಾತು ಮುಗೀತು.

ಸಭೆಯ ದಿನ ತಿಳಿಯಲು ಪಂಚಾಯಿತಿ ಮಟ್ಟದ ಸಂಘಗಳ ಒಕ್ಕೂಟದ ಎಂಬಿಕೆ, ಅಂದರೆ ಮುಖ್ಯ ಪುಸ್ತಕ ಬರಹಗಾರರನ್ನು ಕೇಳಿ. ಒಕ್ಕೂಟದ ಸಂಘಗಳ ವಾರ, ಹೊತ್ತು ಅವರ ಬಳಿ ಇರುತ್ತದೆ. ಉಳಿತಾಯದ ದುಡ್ಡು ಕಟ್ಟಿ ಮುಗಿದ ಮೇಲೆ, ಸಾಲದ ಮಾತು ಶುರುವಾಗುವ ಮುಂಚೆ ಹತ್ತು ನಿಮಿಷ ಕೇಳಿ. ಸಾಲದ ಮಾತು ಶುರುವಾದರೆ ನಿಮ್ಮನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಫ್ಲೆಕ್ಸ್, ಹಾರ, ಫೋಟೋ ಬೇಡವೇ ಬೇಡ. ಅದೆಲ್ಲ ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದ ಭಾಷಣಕ್ಕೆ ಇರಲಿ.

ಕಾಯಿಲೆಯ ಹೆಸರಿನಿಂದ ಶುರು ಮಾಡಬೇಡಿ. ನಿದ್ದೆಯಿಂದ ಶುರು ಮಾಡಿ. ರಾತ್ರಿ ನಿದ್ದೆ ಬಾರದ ಹೆಂಗಸರು ಪ್ರತಿ ಸಂಘದಲ್ಲೂ ಇರುತ್ತಾರೆ. ಅದಾದ ಮೇಲೆ ಮಾತು ತಾನಾಗಿ ಗಂಡನ ಕುಡಿತಕ್ಕೆ ಬರುತ್ತದೆ. ಕೆಲವರು ಅದನ್ನು ತಳ್ಳಿಹಾಕಿ 'ವಿಷಯಕ್ಕೆ ಬನ್ನಿ' ಅನ್ನುತ್ತಾರೆ. ಅಯ್ಯೋ, ಅದೇ ವಿಷಯ! ಕುಡಿತ ಬಿಡಿಸುವುದಕ್ಕೂ ಅದೇ ಮಂಗಳವಾರ ಬರಬಹುದು ಅಂತ ಹೇಳಿ. ರಾತ್ರಿ ಹೊತ್ತು ಯಾರೂ ಸಿಗದಿದ್ದಾಗ ಮಾತಾಡಲು ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಸಂಘದ ಪುಸ್ತಕದ ಒಳರಟ್ಟಿನ ಮೇಲೆ ಬರೆಸಿ. 2022ರಿಂದ ಇದೆ, ದಿನದ 24 ಗಂಟೆಯೂ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸಭೆಯಲ್ಲಿ ಯಾರ ಹೆಸರನ್ನೂ ಹೇಳಿಸಬೇಡಿ. 'ನಿಮ್ಮ ಪಕ್ಕದ ಮನೆಯಲ್ಲಿ ಇದ್ದಾರಾ' ಅಂತಲೂ ಕೇಳಬೇಡಿ. ಹೇಳಬೇಕಾದವರು ನೀವು ಹೊರಟಾಗ ಚಪ್ಪಲಿ ಬಿಟ್ಟ ಜಾಗದಲ್ಲಿ ಬಂದು ಹೇಳುತ್ತಾರೆ. ಅಲ್ಲಿ ನಿಧಾನ ಮಾಡಿ, ಬಸ್ ಹೋದರೂ ಪರವಾಗಿಲ್ಲ.

ಈಗ ರೋಗಿಯ ಜೊತೆಗೆ ಆಸ್ಪತ್ರೆಗೆ ಹೋಗುವ ಕೆಲಸ. ಒಬ್ಬ ರೋಗಿಗೆ ಇಬ್ಬರು ಹೆಂಗಸರನ್ನು ಒಪ್ಪಿಸಿ: ಒಬ್ಬರು ಆಗದಿದ್ದರೆ ಇನ್ನೊಬ್ಬರು. ಯಾರು ಅಂತ ರೋಗಿ, ಮನೆಯವರು ಆರಿಸಲಿ. ಎಷ್ಟೋ ಸಲ ಒಳ್ಳೆಯ ಜೊತೆಗಾತಿ ಸಂಘದ ಅಧ್ಯಕ್ಷೆ ಆಗಿರುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಟಿಕೆಟ್ ದುಡ್ಡಿಲ್ಲ, ಇದರಿಂದ ನಮ್ಮ ಕೆಲಸ ಹಗುರಾಯಿತು. ಆದರೆ ರೋಗಿ ಗಂಡಸಾದರೆ ಅವರ ಟಿಕೆಟ್, ಇಬ್ಬರ ಊಟ, ಜೊತೆಗೆ ಬಂದವರ ಆ ದಿನದ ಕೂಲಿ ಹೋಗುತ್ತದೆ. 'ಸೇವೆ' ಅಂತ ಸುಮ್ಮನಿರಬೇಡಿ. ಪಂಚಾಯಿತಿಯನ್ನೋ ದಾನಿಗಳನ್ನೋ ಮೊದಲೇ ಕೇಳಿಡಿ.

ಜೊತೆಗಾತಿಗೆ ಮೂರು ಮಾತು ಕಲಿಸಿದರೆ ಸಾಕು. ಮಾತ್ರೆ ಶುರುವಾದ ಮೇಲೆ ಕೈ ನಡುಕ, ಮೈ ಬಿಗಿತ, ಜಾಸ್ತಿ ನಿದ್ದೆ ಬರಬಹುದು, ಬಂದರೆ ತಾವೇ ನಿಲ್ಲಿಸದೆ ನಮಗೆ ಫೋನ್ ಮಾಡಬೇಕು. ಡೋಸ್ ಬಗ್ಗೆ ಅವರು ಸಲಹೆ ಕೊಡಬಾರದು. 'ಸಾಯ್ತೀನಿ' ಅಂತ ಯಾರಾದರೂ ಅಂದರೆ ಬೈಯದೆ, ಒಂಟಿಯಾಗಿ ಬಿಡದೆ, ಮನೆಯಲ್ಲಿರುವ ಕ್ರಿಮಿನಾಶಕ ಬೇರೆಡೆಗೆ ಸಾಗಿಸಿ, ತಕ್ಷಣ ನಮಗೆ ತಿಳಿಸಬೇಕು.

ಇನ್ನೊಂದು ವಿಷಯ ಯಾರೂ ಮೊದಲೇ ಎತ್ತುವುದಿಲ್ಲ. ಸಂಘ ಅಂದರೆ ಸಾಲವೂ ಹೌದು. ಸಂಘದ ಒಬ್ಬ ಅಕ್ಕನ ಮಗನಿಗೆ ಕಾಯಿಲೆ ಅಂತ ಗೊತ್ತಾದರೆ ಮುಂದಿನ ಸಾಲಕ್ಕೆ ಅಡ್ಡಿಯಾಗಬಹುದು. ಕೆಲವು ಮನೆಗಳಲ್ಲಿ ನಿದ್ದೆ ಕೆಡಿಸಿದ್ದೇ ಸಾಲದ ವಾರದ ಕಂತು. 2025ರಲ್ಲಿ ಕಿರುಸಾಲದ (ಮೈಕ್ರೋಫೈನಾನ್ಸ್) ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು, ನೆನಪಿದೆ ಅಲ್ವಾ? ಹಾಗಾಗಿ ಕಾಯಿಲೆಯ ವಿಷಯ ಸಂಘದ ನಡಾವಳಿ ಪುಸ್ತಕಕ್ಕೆ ಹೋಗಬಾರದು, ಸಾಲದ ಚರ್ಚೆಗೆ ಬರಬಾರದು ಅಂತ ಮೊದಲ ದಿನವೇ ಮಾತಾಗಲಿ. ಇದಕ್ಕೆ ಒಪ್ಪದ ಸಂಘವನ್ನು ಬಿಟ್ಟು ಪಕ್ಕದ ಸಂಘಕ್ಕೆ ಹೋಗಿ.

ದೇವಸ್ಥಾನದವರ ಜೊತೆ ವಾದಕ್ಕೆ ಇಳಿಯಬೇಡಿ. 'ದಾರ ಕಟ್ಟಿ, ಮಾತ್ರೆಯನ್ನೂ ಬಿಡಬೇಡ ಅಂತ ಹೇಳಿ ಸ್ವಾಮಿ' ಅಂತ ಪೂಜಾರಿಯನ್ನು ಕೇಳಿಕೊಳ್ಳಿ, ಬಹಳ ಜನ ಒಪ್ಪುತ್ತಾರೆ. ಸರಪಳಿ ಕಟ್ಟಿದ್ದು ಕಂಡರೆ ಮಾತ್ರ ರಾಜಿ ಇಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಅದನ್ನು ನಿಷೇಧಿಸಿದೆ. ಆದರೂ ಬೆದರಿಸುವ ಮುಂಚೆ, ಮನೆಯವರು ಯಾಕೆ ಕಟ್ಟಿದರು ಅಂತ ಕೇಳಿ. ಹಗಲು ಹೊಲಕ್ಕೆ ಹೋದಾಗ ನೋಡಿಕೊಳ್ಳುವವರಿಲ್ಲ ಅನ್ನುವುದೇ ಉತ್ತರವಾಗಿದ್ದರೆ, ಡಾಕ್ಟರನ್ನು ಮನೆಗೇ ಕರೆಸಲು ಪ್ರಯತ್ನಿಸಿ, ಹಗಲಿನ ಪಾಳಿಗೆ ಸಂಘದವರನ್ನು ಕೇಳಿ.

ಅಂಗವಿಕಲರ ಗುರುತಿನ ಚೀಟಿ, ಪಿಂಚಣಿ ಅರ್ಜಿಗೆ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ, ಸೌಲಭ್ಯಗಳಿಗೆ ಸಾಮಾನ್ಯವಾಗಿ ಶೇ. 40ರಷ್ಟಾದರೂ ವೈಕಲ್ಯ ಇರಬೇಕು.

ಮಂಗಳವಾರ ಸಂಜೆ ಕ್ಲಿನಿಕ್ ಮುಗಿದ ಮೇಲೆ ಬಾರದವರ ಪಟ್ಟಿ ಮಾಡಿ. ಅದನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಒಬ್ಬೊಬ್ಬರ ಜೊತೆಗಾತಿಗೂ ಬೇರೆ ಬೇರೆ ಫೋನ್ ಮಾಡಿ, ಬುಧವಾರ ಮಧ್ಯಾಹ್ನದೊಳಗೆ. ತಡವಾದರೆ ಮನೆಯಲ್ಲಿರುವ ಮಾತ್ರೆ ಮುಗಿಯುತ್ತದೆ.