ಕೈ ಬಿಟ್ಟು ಸೊಂಟ ನಂಬಿದ ಮೇಲೆ

ಹಾಯಿದೋಣಿಯ ಕಂಬದಿಂದ ಇಳಿಬಿಟ್ಟ ತಂತಿಗೆ ಸೊಂಟ ಸಿಕ್ಕಿಸಿ, ಮೈಯನ್ನು ದೋಣಿಯ ಹೊರಗೆ ಚಾಚಿ ನಿಲ್ಲುವ ಏರ್ಪಾಡೇ ಟ್ರಪೀಜ್. ಕಲಿಯುವಾಗ ಮೊದಲ ಎರಡು ದಿನ ಆ ತಂತಿಯಲ್ಲಿ ನಾನು ನೇತಾಡಿದ್ದು ತೋಳಿನ ಬಲದಿಂದ. ಸೊಂಟಕ್ಕೆ ಬಿಗಿದ ಪಟ್ಟಿಯ (ಹಾರ್ನೆಸ್) ಕೊಕ್ಕೆ ತಂತಿಯ ತುದಿಯ ಬಳೆಗೆ ಸಿಕ್ಕಿಕೊಂಡೇ ಇತ್ತು. ಆದರೂ ತಂತಿಯ ಹಿಡಿಯನ್ನು ಬಿಡಲು ಧೈರ್ಯ ಬರಲಿಲ್ಲ. ಸ್ವಲ್ಪ ಹೊತ್ತಿಗೇ ತೋಳು ಸೋತು, ಮುಂದಿನ ಹಾಯಿಯ ಹಗ್ಗ ಎಳೆಯಲು ಕೈಯೇ ಉಳಿಯುತ್ತಿರಲಿಲ್ಲ. ಚುಕ್ಕಾಣಿ ಹಿಡಿದಿದ್ದ ಗೆಳೆಯ ಪ್ರತಿ ಸಲವೂ ಒಂದೇ ಮಾತು ಕೂಗುತ್ತಿದ್ದ: "ಕೈ ಬಿಡು, ಸೊಂಟ ಇಳಿಸು!"

ನಮ್ಮದು ಹೋಬೀ 16 ಕ್ಯಾಟಮರಾನ್, ಅಂದರೆ ಜೋಡಿ ಒಡಲಿನ ಹಾಯಿದೋಣಿ. ಉದ್ದ ಐದು ಮೀಟರ್, ಅಗಲ ಸುಮಾರು 2.4 ಮೀಟರ್, ತೂಕ ಸುಮಾರು 145 ಕಿಲೋ. ಒಳಗಿರುವ ಇಬ್ಬರ ತೂಕ ದೋಣಿಯ ತೂಕಕ್ಕೆ ಹೆಚ್ಚುಕಡಿಮೆ ಸಮ. ಗಾಳಿ ದೋಣಿಯನ್ನು ಮಗುಚದಂತೆ ತಡೆಯುವುದು ನಮ್ಮ ಭಾರವೇ; ಹಾಗಾಗಿ ನಾವು ಎಲ್ಲಿದ್ದೇವೆ ಎನ್ನುವುದೇ ದೊಡ್ಡ ಸಂಗತಿ. ಗಾಳಿ ಬೀಸುವ ಬದಿಯ ಒಡಲಿನ ಅಂಚಿನಲ್ಲಿ ಕುಳಿತರೆ ನನ್ನ ಭಾರ ಆಚೆಯ ಒಡಲಿನಿಂದ ಸುಮಾರು 2.4 ಮೀಟರ್ ದೂರದಲ್ಲಿರುತ್ತದೆ. ತಂತಿಯಲ್ಲಿ ಮೈ ಚಾಚಿ ನಿಂತರೆ ಆ ದೂರ ಇನ್ನೂ ಒಂದು ಮೀಟರಿನಷ್ಟು ಬೆಳೆಯುತ್ತದೆ. 1938ರಲ್ಲಿ ಬ್ರಿಟನ್ನಿನ ಪೀಟರ್ ಸ್ಕಾಟ್ ಮತ್ತು ಜಾನ್ ವಿಂಟರ್ ಒಂದು ವರ್ಗದ ದೋಣಿಗಳ ಸ್ಪರ್ಧೆಯಲ್ಲಿ ಟ್ರಪೀಜ್ ಬಳಸಿ ಗೆದ್ದರು. ಬಳಿಕ ಆ ವರ್ಗದ ದೋಣಿಗಳಲ್ಲಿ ಟ್ರಪೀಜನ್ನೇ ನಿಷೇಧಿಸಲಾಯಿತು. ಅದು ಕೊಡುವ ಲಾಭ ಅಷ್ಟು ದೊಡ್ಡದು.

ನನಗೆ ದಾರಿ ಸಿಕ್ಕಿದ್ದು ನೀರಿನಲ್ಲಲ್ಲ, ಮರಳಿನ ಮೇಲೆ. ಮೂರನೆಯ ದಿನ ದೋಣಿಯನ್ನು ದಡದಲ್ಲೇ ನಿಲ್ಲಿಸಿ, ಎದುರು ಒಡಲಿನ ಮೇಲೆ ಇಬ್ಬರನ್ನು ಕೂರಿಸಿದೆವು. ಮೊದಲು ಹಾರ್ನೆಸ್ಸಿನ ಪಟ್ಟಿಗಳನ್ನು ಬಿಗಿದುಕೊಂಡೆ. ಸಡಿಲವಿದ್ದರೆ ಭಾರ ಬಿದ್ದ ಕೂಡಲೇ ಕೊಕ್ಕೆ ಎದೆಯತ್ತ ಏರಿಬಿಡುತ್ತದೆ. ಅದು ಹೊಕ್ಕುಳಿಗಿಂತ ತುಸು ಕೆಳಗೇ ಇರಬೇಕು. ಅಂಚಿನಲ್ಲಿ ಕುಳಿತು, ಬಳೆಗೆ ಕೊಕ್ಕೆ ಸಿಕ್ಕಿಸಿ, ಏಳುವ ಮೊದಲೇ ಸೊಂಟವನ್ನು ಹೊರಗೆ ಜಾರಿಸಿದೆ. ತಂತಿ ಟಂಗೆಂದು ಬಿಗಿಯಿತು. ನನ್ನ ಪೂರ್ತಿ ಭಾರವನ್ನು ಅದು ಹೊತ್ತಿತು. ಆಗ ಹಿಡಿಯಲ್ಲಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಏನೂ ಆಗಲಿಲ್ಲ. ಆಮೇಲೆ ಮುಂಗಾಲನ್ನು, ಅಂದರೆ ದೋಣಿಯ ಮೂತಿಯ ಕಡೆಯ ಕಾಲನ್ನು, ಅಂಚಿಗೆ ಊರಿ ತಳ್ಳಿದೆ, ಹಿಂಗಾಲು ತಾನಾಗಿ ಅದರ ಪಕ್ಕಕ್ಕೆ ಬಂತು. ಅರ್ಧ ಗಂಟೆಯಲ್ಲಿ ಇಪ್ಪತ್ತು ಸಲ ಹೊರಗೆ ಹೋಗಿ ಒಳಗೆ ಬಂದಿರಬೇಕು.

ನೀರಿನ ಮೇಲೂ ಕ್ರಮ ಅದೇ. ಒಂದು ಎಚ್ಚರ ಮಾತ್ರ ಹೆಚ್ಚು ಬೇಕು: ತಂತಿ ಎಂದೂ ಸಡಿಲವಾಗಬಾರದು. ಸಡಿಲವಾದರೆ ಬಳೆ ಸದ್ದಿಲ್ಲದೆ ಕೊಕ್ಕೆಯಿಂದ ಜಾರುತ್ತದೆ, ನೀವು ಹೊರಕ್ಕೆ ವಾಲಿದಾಗ ಹಿಡಿಯಲು ಏನೂ ಇರುವುದಿಲ್ಲ. ಹೊಸಬರು ಬಳೆಯನ್ನು ತುಸು ಎತ್ತರದಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ಒಳಗೆ ಬರುವುದು ಸುಲಭ, ಗಾಳಿ ಇಳಿದಾಗ ಬೆನ್ನು ನೀರಿಗೆ ತಾಗುವುದೂ ಕಡಿಮೆ.

ನನಗೆ ನಿಜವಾದ ಪೆಟ್ಟು ಬಿದ್ದದ್ದು ಇನ್ನೊಂದು ಕಾರಣಕ್ಕೆ. ಅಂದು ಗಾಳಿ ಪಕ್ಕದಿಂದ ತುಸು ಹಿಂದಕ್ಕೆ ತಿರುಗಿತ್ತು, ದೋಣಿ ಹುಚ್ಚು ವೇಗದಲ್ಲಿತ್ತು. ನಾನು ಎರಡೂ ಮೊಣಕಾಲುಗಳನ್ನು ನೆಟ್ಟಗಿಟ್ಟು, ಪಾದ ಜೋಡಿಸಿ, ನಡುವಿನಲ್ಲೇ ನಿಂತಿದ್ದೆ. ಆಚೆಯ ಒಡಲಿನ ಮೂತಿ ಅಲೆಯ ಬೆನ್ನಿಗೆ ಹೊಕ್ಕಿತು. ದೋಣಿ ಗಕ್ಕನೆ ನಿಂತಿತು, ನಾನು ನಿಲ್ಲಲಿಲ್ಲ. ತಂತಿಯ ತುದಿಯಲ್ಲಿ ಗಡಿಯಾರದ ಲೋಲಕದಂತೆ ಮುಂದಕ್ಕೆ ಬೀಸಿ, ಮೂತಿಯ ಮುಂದಿನ ನೀರಿಗೆ ಬಿದ್ದೆ. ಹಿಂದೆಯೇ ದೋಣಿ ಮೂತಿಯ ಮೇಲೆ ಮಗುಚಿತು.

ಆಗ ಕೊಕ್ಕೆ ಇನ್ನೂ ಬಳೆಯಲ್ಲೇ ಇತ್ತು. ಮುಖದ ಮೇಲೆ ಹಾಯಿ, ಕಾಲಿಗೆ ಹಗ್ಗ. ಕೈ ಕೊಕ್ಕೆಗೆ ಹೋಗಿ ಅದನ್ನು ಬಿಡಿಸಲು ಕೆಲವೇ ಕ್ಷಣ ಹಿಡಿದಿರಬಹುದು; ಆ ಕ್ಷಣಗಳ ಭಯ ಇಂದಿಗೂ ಮೈಯಲ್ಲಿದೆ. ಅಂದಿನಿಂದ ಒಂದೇ ಎಳೆತಕ್ಕೆ ಕೊಕ್ಕೆ ಕಳಚುವ ಹಾರ್ನೆಸ್ ಹಾಕಿಕೊಳ್ಳದೆ ನಾನು ತಂತಿಗೆ ಹೋಗಿಲ್ಲ. 2023ರಿಂದ ಅಂತರರಾಷ್ಟ್ರೀಯ ಸ್ಪರ್ಧಾ ನಿಯಮಗಳೂ ಅಂಥದ್ದನ್ನೇ ಕೇಳುತ್ತವೆ. ಸ್ಪರ್ಧೆ ಇರಲಿ ಬಿಡಲಿ, ಕೊಕ್ಕೆ ಕಳಚದ ಹಳೆಯ ಬಗೆಯ ಹಾರ್ನೆಸ್ಸನ್ನು ಹಾಕಿಕೊಳ್ಳಲೇಬೇಡಿ ಎಂದು ಬೇಡಿಕೊಳ್ಳುತ್ತೇನೆ.

ಈಗ ಗಾಳಿ ಹಿಂದಕ್ಕೆ ತಿರುಗಿತು ಎಂದರೆ ಮೊದಲು ನಾನೇ ಹಿಂದಕ್ಕೆ ಸರಿಯುತ್ತೇನೆ, ಹಿಂದಿನ ಅಡ್ಡತೊಲೆಯ ಹತ್ತಿರಕ್ಕೆ. ಪಾದಗಳ ನಡುವೆ ಭುಜದಷ್ಟು ಅಂತರ. ಮುಂಗಾಲು ನೆಟ್ಟಗೆ, ಹಿಂಗಾಲಿನ ಮಂಡಿ ಬಾಗಿರುತ್ತದೆ. ದೋಣಿ ತಡವರಿಸಿದಾಗ ಮುಂದಕ್ಕೆ ತಳ್ಳುವ ಬಲವನ್ನೆಲ್ಲ ಆ ಮುಂಗಾಲೇ ತಡೆಯುತ್ತದೆ. ಕೆಲವು ದಿನಗಳ ಬಳಿಕ ಅಂಗಾಲೇ ಸುದ್ದಿ ಹೇಳತೊಡಗುತ್ತದೆ: ಮುಂಗಾಲಿನ ಮೇಲೆ ಒತ್ತಡ ಏರಿತು ಎಂದರೆ ಮೂತಿ ಮುಳುಗುತ್ತಿದೆ. ಕಣ್ಣು ಅದನ್ನು ಕಾಣುವುದು ಆಮೇಲೆ.

ಒಳಗೆ ಬರುವಾಗ ಹಿಡಿಯನ್ನು ಹಿಡಿದು, ಮಂಡಿ ಮಡಚಿ, ಹಿಂಗಾಲನ್ನು ಮೊದಲು ಒಳಗಿಟ್ಟು ಕುಳಿತುಕೊಳ್ಳುತ್ತೇನೆ. ಕೊಕ್ಕೆ ಬಿಡಿಸಿದ ಮೇಲೆ "ಬಿಡಿಸಿದೆ" ಎಂದು ಗಟ್ಟಿಯಾಗಿ ಕೂಗುತ್ತೇನೆ. ಆ ಕೂಗು ಕಿವಿಗೆ ಬೀಳುವವರೆಗೆ ಗೆಳೆಯ ಚುಕ್ಕಾಣಿ ತಿರುಗಿಸುವುದಿಲ್ಲ.