ತೋಳು ಮೊದಲು, ಕಾಲು ಆಮೇಲೆ

ನಮ್ಮ ಮನೆ ಮಾಳಿಗೆಯ ಮೇಲೆ ದರ್ಜಿ ಸೀಮೆಸುಣ್ಣದಲ್ಲಿ ಬರೆದ ಒಂದು ಸರ್ಫ್ ಹಲಗೆಯ ಚಿತ್ರ ಇದೆ. 8 ಅಡಿ ಉದ್ದ, 22 ಇಂಚು ಅಗಲ, ನಡುವೆ ಒಂದು ನೇರ ಗೆರೆ. ಅಳಿಸಿಹೋದಾಗೆಲ್ಲ ಮತ್ತೆ ಬರೆಯುತ್ತೇನೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ ನಡೆಸುವವಳು ನಾನು. 32ನೇ ವಯಸ್ಸಿಗೆ ಸರ್ಫಿಂಗ್, ಅಂದರೆ ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವ ಆಟ, ಹಿಡಿದೆ. ಕಲಿತದ್ದು ಅರ್ಧ ಮಂಗಳೂರು ಹತ್ತಿರದ ಮುಲ್ಕಿಯ ಕಡಲಲ್ಲಿ, ಅರ್ಧ ಈ ಮಾಳಿಗೆಯ ಮೇಲೆ.

ಮಾಲು ತಲುಪಿಸಲು ಮಂಗಳೂರಿಗೆ ಹೋಗಿದ್ದಾಗ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದಿತ್ತು. ನಂದಿನಿ, ಶಾಂಭವಿ ನದಿಗಳು ಕಡಲು ಸೇರುವ ಜಾಗ ಅದು. ಹದಿನಾಲ್ಕು ಹದಿನೈದರ ಹುಡುಗಿಯರು ಕಂಕುಳಲ್ಲಿ ಹಲಗೆ ಸಿಕ್ಕಿಸಿಕೊಂಡು, ಸಂತೆಗೆ ಹೊರಟವರಷ್ಟು ಸಲೀಸಾಗಿ ನೀರಿಗಿಳಿದರು. ನಮ್ಮೂರಲ್ಲಿ ತುಂಗಭದ್ರಾ ಕಾಲುವೆಗೆ ಗಂಡುಹುಡುಗರು ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಧುಮುಕಿ ಈಜು ಕಲಿಯುತ್ತಿದ್ದರು. ನಾವು ಹುಡುಗಿಯರು ಇಳಿಯುತ್ತಿದ್ದದ್ದು ಬಟ್ಟೆ ಒಗೆಯಲು ಮಾತ್ರ, ಅದೂ ಮೊಣಕಾಲ ಮಟ್ಟಕ್ಕೆ. ಆ ದಿನ ದಡದಲ್ಲಿ ನಿಂತು ಅತ್ತುಬಿಟ್ಟೆ. ದುಃಖವೋ ಆಸೆಯೋ ತಿಳಿಯಲಿಲ್ಲ.

ಊರಿಗೆ ಬಂದು ಮೊದಲು ಈಜು ಕಲಿತೆ. ಈಜುಕೊಳದಲ್ಲಿ ಹೆಂಗಸರಿಗೆಂದು ಬಿಟ್ಟ ಒಂದು ತಾಸು, ವಾರಕ್ಕೆ ನಾಲ್ಕು ದಿನ, ಐದು ತಿಂಗಳು. ನಿಲ್ಲದೆ 200 ಮೀಟರ್ ಈಜಲು ಬರುವ ತನಕ ಕಡಲಿನ ಮಾತೆತ್ತಬಾರದು ಎಂದು ನನಗೆ ನಾನೇ ಷರತ್ತು ಹಾಕಿಕೊಂಡಿದ್ದೆ. ಹಲಗೆಯನ್ನು ಕಾಲಿಗೆ ಕಟ್ಟಿದ ಲೀಶ್ ಹಗ್ಗ ಯಾವ ಕ್ಷಣದಲ್ಲಾದರೂ ಕಿತ್ತುಹೋಗಬಹುದು. ಆಗ ಉಳಿಯುವುದು ನಮ್ಮ ಈಜು ಒಂದೇ.

ಮೊದಲ ಪಾಠಕ್ಕೆ ರಾತ್ರಿ ಬಸ್ಸು ಹತ್ತಿ, ಘಟ್ಟ ಇಳಿದು ಮುಲ್ಕಿ ಸೇರಿದೆ. ಅಮೆರಿಕದಿಂದ ಬಂದ ಜ್ಯಾಕ್ ಹೆಬ್ನರ್ 2004ರಲ್ಲಿ ‘ಸರ್ಫಿಂಗ್ ಸ್ವಾಮಿ’ಗಳ ಆಶ್ರಮ ಕಟ್ಟಿದ್ದು ಅಲ್ಲೇ. ಈ ಕರಾವಳಿಯ ಸರ್ಫಿಂಗ್ ಬೆಳೆದದ್ದು ಅಲ್ಲಿಂದ. ನನಗೆ ಕಲಿಸಿದವನು ಮೀನುಗಾರರ ಮನೆಯ ಹುಡುಗ. ಮೆತ್ತನೆಯ ಫೋಮ್ ಹಲಗೆ ಕೊಟ್ಟು, ಸೊಂಟದ ಮಟ್ಟದ ನೀರಿನಲ್ಲಿ, ಆಗಲೇ ಮುರಿದು ನೊರೆಯಾದ ಅಲೆಗೆ ತಳ್ಳಿದ. ನಾಲ್ಕನೇ ಸಲಕ್ಕೆ ಎದ್ದು ನಿಂತೆ. ಕಲಿತಾಯಿತು ಅಂದುಕೊಂಡೆ.

ಮಾರನೆಯ ದಿನ ಅವನು ತಳ್ಳಲಿಲ್ಲ. ‘ಇವತ್ತು ನೀವೇ ಹಿಡೀರಿ’ ಅಂದ. ಎರಡು ತಾಸಿನಲ್ಲಿ ಒಂದು ಅಲೆಯೂ ಸಿಗಲಿಲ್ಲ. ಸರ್ಫಿಂಗ್ ಅಂದರೆ ಕಾಲಿನ ಆಟ ಎಂಬ ನನ್ನ ಕಲ್ಪನೆ ಅವತ್ತು ಬಿದ್ದುಹೋಯಿತು. ಅಲೆ ಹಿಂದಿನಿಂದ ಬರುವಾಗ ನಮ್ಮ ಹಲಗೆಗೂ ಅದರ ವೇಗಕ್ಕೆ ಹತ್ತಿರದ ವೇಗ ಇರಬೇಕು, ಇಲ್ಲವಾದರೆ ಅದು ನಮ್ಮ ಕೆಳಗೆ ಸುಮ್ಮನೆ ಹಾದುಹೋಗುತ್ತದೆ. ಆ ವೇಗ ಹುಟ್ಟುವುದು ತೋಳಲ್ಲಿ. ನನ್ನ ತೋಳು ಹದಿನಾಲ್ಕು ವರ್ಷದಿಂದ ಬಟ್ಟೆಯನ್ನು ಮುಂದಕ್ಕೆ ದೂಡಿ ದೂಡಿ ಗಟ್ಟಿಯಾಗಿತ್ತು, ನೀರನ್ನು ಹಿಂದಕ್ಕೆ ಎಳೆಯುವ ಶಕ್ತಿ ಅದಕ್ಕೆ ಇರಲಿಲ್ಲ. ಹೊಲಿಗೆ ಮೆಷಿನ್ ಮುಂದೆ ಕೂತವರ ಭುಜ ಮುಂದಕ್ಕೆ ಬಾಗಿರುತ್ತದೆ. ಪ್ಯಾಡ್ಲಿಂಗ್‌ಗೆ (ತೋಳಿಂದ ನೀರೆಳೆದು ಹಲಗೆ ಮುಂದೊಯ್ಯುವುದು) ಬೇಕಾದದ್ದು ಇದರ ತದ್ವಿರುದ್ಧ: ಬೋರಲು ಮಲಗಿ, ಎದೆ ಎತ್ತಿ, ಭುಜ ಹಿಂದಕ್ಕೆ.

ಅಲ್ಲಿಂದ ಮಾಳಿಗೆಯ ಕಥೆ. ಕೋಟೆ ಗುಡ್ಡದ ಬಂಡೆ ಕಾಯುವ ಮುಂಚೆ, ಬೆಳಿಗ್ಗೆ ಐದೂವರೆಗೆ ಮೇಲೆ ಹೋಗುತ್ತಿದ್ದೆ. ಹಳೇ ಸೈಕಲ್ ಟ್ಯೂಬನ್ನು ಎರಡು ಸೀಳು ಮಾಡಿ ಕಂಬಿಗೆ ಕಟ್ಟಿ, ಬೆಂಚಿನ ಮೇಲೆ ಬೋರಲು ಮಲಗಿ ಎಳೆಯುವುದು. ಒಂದು ನಿಮಿಷ ಎಳೆತ, ಒಂದು ನಿಮಿಷ ಬಿಡುವು, ಹತ್ತು ಸುತ್ತು. ಆಮೇಲೆ ಸೀಮೆಸುಣ್ಣದ ಹಲಗೆಯ ಮೇಲೆ ಪಾಪ್-ಅಪ್: ಎರಡೂ ಅಂಗೈ ಪಕ್ಕೆಲುಬಿನ ಹತ್ತಿರ ಊರಿ, ಮೊಣಕಾಲು ಊರದೆ, ಒಂದೇ ಸಲಕ್ಕೆ ಜಿಗಿದು ಪಾದಗಳನ್ನು ನಡುಗೆರೆಯ ಮೇಲೆ ಅಡ್ಡ ಇಳಿಸುವುದು. ದಿನಕ್ಕೆ 40 ಸಲ. ಶುರುವಿಗೆ ಮೊಣಕಾಲು ಊರಿ ಏಳುವ ಅಭ್ಯಾಸ ಬಿದ್ದರೆ ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಬೇಕು, ಇದನ್ನು ನನ್ನ ಅನುಭವದಿಂದಲೇ ಹೇಳುತ್ತಿದ್ದೇನೆ.

ಬಟ್ಟೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ನೀರಿಗಿಳಿಯದೆ ಉಳಿದದ್ದಕ್ಕೆ ಇದೇ ದೊಡ್ಡ ಕಾರಣ ಎಂದು ನಂಬಿದ್ದೇನೆ. ಮೊದಲ ಸಲ ಕಾಟನ್ ಚೂಡಿದಾರದಲ್ಲಿ ಇಳಿದಿದ್ದೆ. ನೀರು ಕುಡಿದು ಅದು ಭಾರವಾಗಿ ತೋಳು ಎತ್ತಲಾಗಲಿಲ್ಲ, ಕಂಕುಳ ಚರ್ಮ ಸುಲಿಯಿತು. ಊರಿಗೆ ಬಂದು ನೈಲಾನ್-ಸ್ಪ್ಯಾಂಡೆಕ್ಸ್ ತರಿಸಿ ಕತ್ತು ಮುಚ್ಚುವ, ತುಂಬುತೋಳಿನ ರ‍್ಯಾಶ್ ಗಾರ್ಡ್ (ನೀರಾಟದ ಬಿಗಿ ಅಂಗಿ) ಹೊಲಿದೆ. ನಮ್ಮಲ್ಲಿ ಓವರ್‌ಲಾಕ್ ಮೆಷಿನ್ ಇದೆ, ಚಪ್ಪಟೆ ಹೊಲಿಗೆ ಹಾಕುವ ಫ್ಲಾಟ್‌ಲಾಕ್ ಇಲ್ಲ. ಉಬ್ಬಿದ ಹೊಲಿಗೆ ಒಳಗಿದ್ದರೆ ಉಪ್ಪುನೀರಲ್ಲಿ ಉಜ್ಜಿ ಗಾಯ ಮಾಡುತ್ತದೆ. ಅದಕ್ಕೆ ಹೊಲಿಗೆಯನ್ನೇ ಹೊರಮೈಗೆ ತಿರುಗಿಸಿದೆ, ಕಂಕುಳಲ್ಲಿ ನಾಲ್ಕು ಹೊಲಿಗೆ ಕೂಡುವ ಜಾಗಕ್ಕೆ ಚೌಕಾಕಾರದ ತುಂಡು ಇಟ್ಟೆ. ಜೀನ್ಸ್‌ನಲ್ಲಿ ಕಲಿತ ಕೈ ಇಲ್ಲಿ ಕೆಲಸಕ್ಕೆ ಬಂತು. ಮುಂದೆ ಜಿಪ್ ಬೇಡವೇ ಬೇಡ, ಬೋರಲು ಮಲಗಿದಾಗ ಎದೆಗೆ ಒತ್ತುತ್ತದೆ. ಲೆಗ್ಗಿಂಗ್ಸ್‌ಗೆ ಎಲಾಸ್ಟಿಕ್ ಜೊತೆಗೆ ಲಾಡಿಯೂ ಇರಲಿ, ಅಲೆ ಯಾವುದನ್ನೂ ಬಿಡುವುದಿಲ್ಲ. ಮುಟ್ಟಿನ ದಿನಗಳಲ್ಲಿ ಕಪ್ ಬಳಸಿ ಇಳಿಯುತ್ತೇನೆ.

ಬಳ್ಳಾರಿಯಲ್ಲಿ ಕೂತು ಕಡಲನ್ನು ಓದುವುದನ್ನೂ ಕಲಿತೆ. ಸಮುದ್ರದ ಮುನ್ಸೂಚನೆ ಕೊಡುವ ಸರ್ಕಾರಿ ಸಂಸ್ಥೆ ಇನ್‌ಕಾಯಿಸ್ ಇರುವುದೂ ಕಡಲಿಲ್ಲದ ಹೈದರಾಬಾದಿನಲ್ಲೇ. ಬುಧವಾರ ಅಲೆಯ ಎತ್ತರ, ಎರಡು ಅಲೆಗಳ ನಡುವಿನ ಸೆಕೆಂಡು, ಗಾಳಿ ನೋಡುತ್ತೇನೆ. ಎತ್ತರ ಅಷ್ಟೇ ನೋಡಿ ಬಸ್ಸು ಹತ್ತಿ ಎರಡು ಸಲ ಮೋಸಹೋದೆ. ಒಂದೇ ಎತ್ತರವಿದ್ದರೂ 6 ಸೆಕೆಂಡಿನ ಅಲೆ ಹತ್ತಿರದ ಗಾಳಿ ಎಬ್ಬಿಸಿದ್ದು, ಚದುರಿರುತ್ತದೆ. 12, 13 ಸೆಕೆಂಡಿನದು ದಕ್ಷಿಣದ ಮಹಾಸಾಗರದಲ್ಲಿ ಹುಟ್ಟಿ ಸಾವಿರಾರು ಕಿಲೋಮೀಟರ್ ನಡೆದು ಬಂದದ್ದು, ಸಾಲು ಸಾಲಾಗಿ, ಬಲವಾಗಿ ಬರುತ್ತದೆ. ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಬೀಸುವಾಗ ಅಲೆಯ ಮುಖ ನುಣ್ಣಗಿರುತ್ತದೆ. ಹತ್ತು ಗಂಟೆಯ ಹೊತ್ತಿಗೆ ಗಾಳಿ ತಿರುಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕಡಲು ನನ್ನಂಥವರಿಗಲ್ಲ.

ಮೂರನೇ ಸಲ ಹೋದಾಗ, ಕಡಲೊಳಗೆ ಎಳೆದೊಯ್ಯುವ ನೀರಿನ ಸೆಳೆತವಾದ ರಿಪ್‌ಗೆ ಸಿಕ್ಕಿದೆ. ತಪ್ಪು ನನ್ನದೇ. ಎರಡೂ ಕಡೆ ಅಲೆ ಮುರಿಯುತ್ತಿದ್ದಾಗ ನಡುವೆ ಶಾಂತವಾದ, ಬಣ್ಣ ತುಸು ಗಾಢವಾದ ಪಟ್ಟೆ ಕಂಡಿತು. ಇದೇ ಸುರಕ್ಷಿತ ಎಂದು ಅಲ್ಲಿ ಇಳಿದೆ. ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗುವ ದಾರಿ ಅದು, ಅದಕ್ಕೇ ಅಲ್ಲಿ ಅಲೆ ಮುರಿಯುವುದಿಲ್ಲ. ದಡದತ್ತ ಎಷ್ಟು ತೋಳು ಬೀಸಿದರೂ ತೆಂಗಿನಮರಗಳು ಚಿಕ್ಕದಾಗುತ್ತಲೇ ಹೋದವು. ‘ಹಲಗೆ ಬಿಡಬೇಡಿ, ಪಕ್ಕಕ್ಕೆ ಬನ್ನಿ’ ಎಂದು ಹುಡುಗ ಕೈಸನ್ನೆ ಮಾಡಿದ. ದಡಕ್ಕೆ ಸಮಾನಾಂತರವಾಗಿ ಐವತ್ತು ಅರವತ್ತು ಗಜ ಸರಿದ ಮೇಲೆ ಎಳೆತ ಬಿಟ್ಟಿತು, ನೊರೆಯೇ ನನ್ನನ್ನು ದಡಕ್ಕೆ ತಂದು ಹಾಕಿತು. ಈಗ ನೀರಿಗಿಳಿಯುವ ಮೊದಲು ಇಪ್ಪತ್ತು ನಿಮಿಷ ಮರಳ ಮೇಲೆ ಕೂತು ನೋಡುತ್ತೇನೆ.

ಮನೆಯಲ್ಲಿ ಯಾರಾದರೂ ‘ಹೆಂಗಸರಿಗೇಕೆ ಈ ಆಟ’ ಎಂದು ಕೇಳಿದರೆ ಇಶಿತಾ ಮಾಳವೀಯ ಅವರ ಹೆಸರು ಹೇಳುತ್ತೇನೆ. ಮುಂಬೈ ಹುಡುಗಿ, ಮಣಿಪಾಲಕ್ಕೆ ಓದಲು ಬಂದವರು, ಭಾರತದ ಮೊದಲ ವೃತ್ತಿಪರ ಸರ್ಫರ್ ಮಹಿಳೆ. ಉಡುಪಿ ಬಳಿಯ ಕೋಡಿ ಬೆಂಗ್ರೆಯಲ್ಲಿ ಶಾಕಾ ಸರ್ಫ್ ಕ್ಲಬ್ ಕಟ್ಟಿ ಅಲ್ಲಿನ ಮೀನುಗಾರರ ಮಕ್ಕಳಿಗೂ ಕಲಿಸಿದರು. ರಾತ್ರಿ ಕೆಲಸ ಮುಗಿದ ಮೇಲೆ ಫೋನಿನಲ್ಲಿ ದೊಡ್ಡ ಸ್ಪರ್ಧೆಗಳನ್ನು ನೋಡುತ್ತೇನೆ. ಎಂಟು ಸಲ ವಿಶ್ವ ಚಾಂಪಿಯನ್ ಆದ ಸ್ಟೆಫನಿ ಗಿಲ್ಮೋರ್, ಸರ್ಫಿಂಗ್‌ನ ಮಹಿಳೆಯರ ಮೊದಲ ಒಲಿಂಪಿಕ್ ಚಿನ್ನ ಗೆದ್ದ ಕರಿಸ್ಸಾ ಮೂರ್, 2024ರಲ್ಲಿ ತಾಹಿತಿಯ ಟೆಯಹುಪೋದಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಕ್ಯಾರೊಲಿನ್ ಮಾರ್ಕ್ಸ್. ಅರ್ಧ ತಾಸಿನ ಹೀಟ್‌ನಲ್ಲಿ (ಒಂದು ಸುತ್ತಿನ ಪೈಪೋಟಿ) ಲೆಕ್ಕಕ್ಕೆ ಬರುವುದು ಎರಡೇ ಎರಡು ಒಳ್ಳೆಯ ಅಲೆ. ಉಳಿದದ್ದೆಲ್ಲ ಕಾಯುವುದು, ತೋಳು ಬೀಸುವುದು. ಅವರು ಎಷ್ಟು ಅಲೆಗಳನ್ನು ಬಿಟ್ಟುಕೊಡುತ್ತಾರೆ ಅನ್ನುವುದನ್ನೇ ನಾನು ನೋಡುವುದು. ಬಂದದ್ದಕ್ಕೆಲ್ಲ ಕೈ ಚಾಚಿ ಬೇಗ ಸುಸ್ತಾಗುತ್ತಿದ್ದವಳು ನಾನು.

ವಿಶ್ವ ಸರ್ಫ್ ಲೀಗ್ 2019ರಿಂದ ಹೆಂಗಸರಿಗೂ ಗಂಡಸರಿಗೂ ಒಂದೇ ಬಹುಮಾನದ ಹಣ ಕೊಡುತ್ತಿದೆ ಎಂದು ಓದಿದ ವಾರ, ನಮ್ಮ ಯೂನಿಟ್‌ನ ಕೂಲಿ ಪುಸ್ತಕ ತೆಗೆದೆ. ಅದೇ ಹೊಲಿಗೆ, ಅದೇ ಪೀಸು, ಗಂಡಸರಿಗೆ ಒಂದು ದರ, ಹೆಂಗಸರಿಗೆ ಇನ್ನೊಂದು. ಬರೆದದ್ದು ನಾನೇ. ಆ ಶನಿವಾರದಿಂದ ಒಂದೇ ದರ ಮಾಡಿದೆ.

ಒಂಬತ್ತನೇ ಸಲ, ಫೆಬ್ರವರಿಯ ಒಂದು ಬೆಳಿಗ್ಗೆ, ಇನ್ನೂ ಮುರಿಯದ ಅಲೆ ನನ್ನ ಸ್ವಂತ ತೋಳಿಗೆ ಸಿಕ್ಕಿತು. ಹಲಗೆಯ ಬಾಲ ಎದ್ದಿತು, ತೋಳಿನ ಭಾರ ಒಮ್ಮೆಲೇ ಇಲ್ಲವಾಯಿತು, ಎದ್ದೆ. ಐದಾರು ಸೆಕೆಂಡು ಇರಬಹುದು. ಗದ್ದಲವೆಲ್ಲ ಹಿಂದೆ ಉಳಿದು, ಹಲಗೆಯ ಅಡಿ ನೀರು ಸರಿಯುವ ಸಪ್ಪಳವೊಂದೇ ಕೇಳುತ್ತಿತ್ತು.

ಈಗಿನ ತೊಡಕು ಬೇರೆ. ನಾನು ಎಡಗಾಲು ಮುಂದಿಟ್ಟು ನಿಲ್ಲುವವಳು. ಬಲಕ್ಕೆ ಹೋಗುವ ಅಲೆಯಲ್ಲಿ ಮುಖ ಅಲೆಯ ಕಡೆಗಿರುತ್ತದೆ, ತಿರುಗಿಸಬಲ್ಲೆ. ಎಡಕ್ಕೆ ಹೋಗುವುದರಲ್ಲಿ ಬೆನ್ನು ಅಲೆಗೆ ಬಿದ್ದು, ಹಿಮ್ಮಡಿಯ ಮೇಲೆ ಭಾರ ಹಾಕಿದ ಕೂಡಲೇ ಜಾರುತ್ತೇನೆ. ಮಾಳಿಗೆಯ ಸೀಮೆಸುಣ್ಣದ ಹಲಗೆಗೆ ಈ ವಾರ ಎಡಬದಿಯಲ್ಲಿ ಒಂದು ಬಾಗುಗೆರೆ ಸೇರಿಸಿದ್ದೇನೆ. ಭುಜದಾಚೆ ಆ ಗೆರೆಯನ್ನು ನೋಡುತ್ತಾ ಹಿಮ್ಮಡಿ ಒತ್ತುವುದು, ದಿನಕ್ಕೆ 40 ಸಲ. ಯೂನಿಟ್‌ನ ಇಬ್ಬರು ಹುಡುಗಿಯರು ಈಜುಕೊಳಕ್ಕೆ ಬರತೊಡಗಿದ್ದಾರೆ. ಅವರ ಅಳತೆ ತೆಗೆದಾಗಿದೆ, ಬಟ್ಟೆ ಬರಬೇಕು.